ನಾನೇ ಹಾಕಿದ ಕ್ಲಚ್ಚು

ಕೋರ್ಟಿನಲ್ಲಿ ಗೆಲ್ಲದ ಮನುಷ್ಯ ಒಂದು ಕಬ್ಬಿಣದ ಸಾಮಾನಿನ ಮುಂದೆಯಾದರೂ ಗೆಲ್ಲಬಹುದು ಎಂದು ನಾನು ನಂಬಿದ್ದೆ. ಆಗ ನಾನು ಮಂಡ್ಯದಲ್ಲಿ ವಕೀಲ. ಊರಂಚಿನ ಗುತ್ತಲಿನಲ್ಲಿ ಮನೆ. ಕಕ್ಷಿಗಾರರು ಕಡಿಮೆ, ಬಿಡುವು ಜಾಸ್ತಿ, ಆತ್ಮವಿಶ್ವಾಸ ಅದಕ್ಕಿಂತಲೂ ಜಾಸ್ತಿ. ಸಾಲದ್ದಕ್ಕೆ ಮನೆಯ ಮುಂದೆ ಒಂದು ಮೋಟಾರು ಕಾರು!

ಕಾರನ್ನು ನಾನು ಕೊಂಡದ್ದಲ್ಲ. ಶಿವನಸಮುದ್ರದ ಕರೆಂಟು ಕೆಲಸದಲ್ಲಿದ್ದ ಪರಿಚಯದ ಇಂಜಿನಿಯರೊಬ್ಬರು ಊರು ಬಿಡುವಾಗ, ಅದನ್ನು ಸಾಗಿಸುವುದಕ್ಕಿಂತ ದಾನ ಮಾಡುವುದೇ ಸುಲಭವೆಂದು ಕಂಡುಕೊಂಡು ನನಗೆ ಬಿಟ್ಟುಹೋಗಿದ್ದರು. ಹಿಂದಿನ ಯುದ್ಧದ ಕಾಲದ ಗಾಡಿ. ಹಿತ್ತಾಳೆಯ ರೇಡಿಯೇಟರು, ಹಿಂಡಿದರೆ ಕೂಗುವ ರಬ್ಬರು ಹಾರನ್ನು, ಮೇಲೆ ಮಡಚುವ ಕ್ಯಾನ್ವಾಸು. ಈಗ ಇನ್ನೊಂದು ಯುದ್ಧ ನಡೆಯುತ್ತಿತ್ತು. ಪೆಟ್ರೋಲಿಗೆ ಕೂಪನ್ನು ಬಂದಿತ್ತು. ಹೀಗಾಗಿ ಕಾರು ಬಹುಪಾಲು ನಿಂತೇ ಇರುತ್ತಿತ್ತು. ನಿಂತಿರುವಾಗ ಅದರಷ್ಟು ಒಳ್ಳೆಯ ಕಾರು ಇಡೀ ಮಂಡ್ಯದಲ್ಲಿ ಇನ್ನೊಂದಿರಲಿಲ್ಲ.

ಒಂದು ದಿನ ನನ್ನ ಮಾವನವರು ಮಳವಳ್ಳಿಯಿಂದ ಬಂದರು. ನನ್ನ ಹೆಂಡತಿ ಜಯಮ್ಮನ ತಂಗಿ ಸುಶೀಲೆಯನ್ನು ನೋಡಲು ಗಂಡಿನ ಕಡೆಯವರು ಬೆಂಗಳೂರಿನಿಂದ ಬರುವವರಿದ್ದರು. ಹುಡುಗ ಶಿವನಸಮುದ್ರದಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದ್ದ; ರಜೆಯಲ್ಲಿ ಊರಿಗೆ ಹೋಗಿದ್ದವನು ತಂದೆ ತಾಯಿಯ ಜೊತೆಗೇ ಬರುವವನಿದ್ದ. ಒಳ್ಳೆಯ ಸಂಬಂಧ. ಹಿಂದೊಂದು ಸಂಬಂಧ ಕೊನೆಗಳಿಗೆಯಲ್ಲಿ ಮುರಿದುಬಿದ್ದು ಮಾವನವರು ಬಹಳ ನೊಂದಿದ್ದರು. ಈ ಸಲ ಯಾವುದಕ್ಕೂ ಕೊರತೆಯಾಗಬಾರದೆಂದು, ಮದ್ದೂರು ಸ್ಟೇಷನ್ನಿಗೆ ಕಮಾನು ಗಾಡಿ ಕಳಿಸಿ ಅವರನ್ನು ಕರೆಸಿಕೊಳ್ಳುವ ಯೋಚನೆ ಅವರದು.

"ಮಾವ, ಮನೆಯಲ್ಲಿ ಮೋಟಾರು ಇಟ್ಟುಕೊಂಡು ಎತ್ತಿನ ಗಾಡಿ ಕಳಿಸೋದೇ? ಅವರು ಏನಂದ್ಕೋತಾರೆ? ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದೆ.

ಮಾವನವರು ಕಾರನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ಇದು ಮಳವಳ್ಳಿ ಗಂಟ ಬಂದದಾ, ಅಳಿಯಂದ್ರೇ?"

"ಬರದೆ ಏನು ಮಾವ! ನಿಲ್ಲಿಸದೆ ತರ್ತೀನಿ!"

ಈ ಮಾತನ್ನು ನಾನು ಆಡಬಾರದಿತ್ತು.

ಆ ವಾರವೇ ಕೊತ್ತತ್ತಿಯ ಕಡೆ ಒಬ್ಬ ಕಕ್ಷಿಗಾರನನ್ನು ನೋಡಲು ಹೊರಟೆ. ನಾಲೆಯ ಏರಿ ಹತ್ತುವಾಗ ಇಂಜಿನ್ನು ಗರ್ಜಿಸಿತು, ಕಾರು ಮಾತ್ರ ಕದಲಲಿಲ್ಲ. ಇನ್ನಷ್ಟು ಗರ್ಜಿಸಿತು. ಇನ್ನಷ್ಟು ಕದಲಲಿಲ್ಲ! ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ನಿಧಾನವಾಗಿ ನನ್ನನ್ನು ದಾಟಿ ಮುಂದೆ ಹೋದಳು. ಹೋಗುತ್ತಾ, "ಬರೀ ಸದ್ದು ಮಾಡಕ್ಕೇ ಪೆಟ್ರೋಲ್ ಆಕ್ಸಿದ್ದೀರಾ ಸ್ವಾಮಿ?" ಎಂದು ಕೇಳಿಯೇ ಹೋದಳು.

ಕ್ಲಚ್ಚು ಸವೆದಿತ್ತು. ಆ ಕಾಲದ ಕಾರಿನ ಕ್ಲಚ್ಚೆಂದರೆ, ಇಂಜಿನ್ನಿನ ದೊಡ್ಡ ಚಕ್ರದ ಹೊಟ್ಟೆಯೊಳಗೆ ಹೋಗಿ ಕೂರುವ ಲೋಟದಂಥ ಒಂದು ಸಾಮಾನು. ಅದರ ಮೈಗೆ ಚರ್ಮದ ಪಟ್ಟಿ, ಬೆನ್ನಿಗೆ ಸ್ಪ್ರಿಂಗು. ಸ್ಪ್ರಿಂಗು ಒತ್ತಿದಾಗ ಚರ್ಮ ಚಕ್ರವನ್ನು ಕಚ್ಚಿಕೊಂಡು ಕಾರು ಓಡುತ್ತದೆ. ಪೆಡಲು ತುಳಿದರೆ ಬಿಟ್ಟುಕೊಳ್ಳುತ್ತದೆ. ಇಷ್ಟೇ! ಪೀನಲ್ ಕೋಡನ್ನು ಅರಗಿಸಿಕೊಂಡವನಿಗೆ ಇದೊಂದು ವಿಷಯವೇ? ಊರಿನ ಮೆಕ್ಯಾನಿಕ್ಕು ಸೈನ್ಯಕ್ಕೆ ಸೇರಿ ಹೋಗಿದ್ದ. ಮೈಸೂರಿಗೆ ಕಳಿಸೋಣವೆಂದರೆ ಕಾರು ಮೈಸೂರಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ನಾನೇ ಬಿಚ್ಚಿ ಕಟ್ಟುವುದೆಂದು ತೀರ್ಮಾನಿಸಿದೆ.

"ಎಲ್ಲಿ ಬಿಚ್ತೀರಿ?" ಎಂದಳು ಜಯಮ್ಮ.

"ಕೊಟ್ಟಿಗೆಯಲ್ಲಿ."

"ಮತ್ತೆ ಅಸ?"

"ಹಸು ನಾಲ್ಕು ದಿನ ಹೊರಗಿದ್ದರೆ ಏನು ಮುಳುಗಿಹೋಗುತ್ತೆ?"

ಮುಳುಗಿದ್ದು ಹಾಲು. ಹೊರಗೆ ಕಟ್ಟಿದ ದಿನದಿಂದ ಹಸು ಒದೆಯಲು ಶುರುಮಾಡಿತು. ನನಗೆ ಕಾಫಿ ನಿಂತಿತು. ಕ್ಲಚ್ಚಿಗೂ ಕಾಫಿಗೂ ಇಂಥ ಸಂಬಂಧವಿರುತ್ತದೆಂದು ಯಾರಿಗೆ ಗೊತ್ತಿತ್ತು!

ಕಾರಿನ ಹಲಗೆಗಳನ್ನೆಲ್ಲ ಕಿತ್ತು, ಕೆಳಗೆ ಮಲಗಿ, ಸಗಣಿಯ ವಾಸನೆಯ ನಡುವೆ ನಟ್ಟುಗಳೊಂದಿಗೆ ಹೋರಾಡಿದೆ. ಕೊನೆಗೆ ಆ ಲೋಟವೂ ಸ್ಪ್ರಿಂಗೂ ಜೊತೆಯಾಗಿ ಹೊರಗೆ ಬಂದವು. ಸ್ಪ್ರಿಂಗನ್ನು ಅದುಮಿ ಹಿಡಿದಿದ್ದ ಒಂದು ನಟ್ಟು ಮಾತ್ರ ಉಳಿದಿತ್ತು. ಇಷ್ಟು ವರ್ಷ ದುಡಿದ ಸ್ಪ್ರಿಂಗಿಗೆ ಇನ್ನೇನು ಕಸುವು ಉಳಿದೀತು ಎಂದು ಅದನ್ನೂ ತಿರುಗಿಸಿದೆ.

ಢಣ್!

ನಾನು ಕಣ್ಣು ಬಿಟ್ಟಾಗ ಕೊಟ್ಟಿಗೆಯ ಹೆಂಚಿನಲ್ಲಿ ಒಂದು ತೂತಿತ್ತು. ಅದರಲ್ಲಿ ಆಕಾಶ ಕಾಣುತ್ತಿತ್ತು. ಸ್ಪ್ರಿಂಗು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಚಿಕ್ಕೇಗೌಡರು ಓಡಿಬಂದರು. ಅವರದು ಸಣ್ಣದೊಂದು ಅಕ್ಕಿ ಗಿರಣಿ. ಅಂಗಳದಲ್ಲಿ ಊಟಕ್ಕೆ ಕೂತಿದ್ದವರು ಹಾಗೇ ಎದ್ದು ಬಂದಿದ್ದರು. ಬಲಗೈಯಲ್ಲಿ ಅರ್ಧ ಮುದ್ದೆ, ಎಡಗೈಯಲ್ಲಿ ನನ್ನ ಸ್ಪ್ರಿಂಗು, ಎದೆಯ ಮೇಲೆಲ್ಲ ಬಸ್ಸಾರು.

"ಲಾಯ್ರಪ್ಪೋ! ಜಪಾನ್ನೋನು ಬಾಂಬ್ ಆಕ್ಬುಟ್ಟ ಅಂದ್ಕಂಡೆ ಕಣ್ರೀ! ಸೀದಾ ಸಾರ್ನೊಳೀಕೇ ಬಿತ್ತು!"

ಅವರು ಜಗಳ ಆಡಿ ಹೋಗಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಕಾರಿನ ಹೊಟ್ಟೆಯೊಳಗೆ ಇಣುಕಿ ನೋಡಿದರು, ಮುದ್ದೆ ಮುಗಿಸಿದರು, ಕೈತೊಳೆದು ನನ್ನ ಸಹಾಯಕ್ಕೇ ನಿಂತುಬಿಟ್ಟರು. ನನಗೆ ಏನೂ ಗೊತ್ತಿರಲಿಲ್ಲ. ಅವರಿಗೂ ಏನೂ ಗೊತ್ತಿರಲಿಲ್ಲ. ಆದರೆ ಧೈರ್ಯ ಇಬ್ಬರದೂ ಸೇರಿ ಎರಡರಷ್ಟಾಯಿತು!

ಹಳೆಯ ಚರ್ಮ ಹಪ್ಪಳದಂತೆ ಪುಡಿಯಾಗಿತ್ತು. ಹೊಸದು ಎಲ್ಲಿಂದ ತರುವುದು? ಗೌಡರು ತಮ್ಮ ಗಿರಣಿಯ ಹಳೆಯ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ದಪ್ಪವೆಂದರೆ ದಪ್ಪ ಚರ್ಮ.

"ಸ್ವಲ್ಪ ದಪ್ಪವಾಯಿತಲ್ಲವೇ ಗೌಡರೇ?"

"ದಪ್ಪ ಇದ್ರೆ ಬಾಳ ದಿನ ಬತ್ತದೆ ಬುಡಿ. ಒಣಗೋಗದೆ ಅಷ್ಟೆ, ನೆನೆ ಆಕ್ಬೇಕು. ಅಳ್ಳೆಣ್ಣೇಲಿ."

"ಹರಳೆಣ್ಣೆಯಲ್ಲೇ?"

"ಗಾಡಿ ಕೀಲ್ಗೆ ಏನ್ ಆಕದು ಮತ್ತೆ? ಇದೂ ಗಾಡೀನೇ ಅಲ್ವರಾ?"

ವಾದದಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬು. ಆ ದಿನ ಒಂದೂ ಸಿಗಲಿಲ್ಲ. ತಲೆಗೆ ಹಚ್ಚಿಕೊಳ್ಳಲು ಜಯಮ್ಮ ತೆಗೆದಿರಿಸಿದ್ದ ಹರಳೆಣ್ಣೆಯನ್ನಷ್ಟೂ ಕಂಚಿನ ಬೋಗುಣಿಗೆ ಸುರಿದು ಬೆಲ್ಟನ್ನು ಮುಳುಗಿಸಿದೆ.

"ನನ್ ತಲೆಗಿಲ್ದಿದ್ರೂ ಪರ್ವಾಗಿಲ್ಲ, ಕಾರ್ಗೆ ಎಣ್ಣೆ ನೀರ್ ಆಕಿ" ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ನೋಡಿದರೆ ಬೋಗುಣಿಯಲ್ಲಿ ಎಣ್ಣೆ ಮಾತ್ರ ಇತ್ತು! ಬೀದಿಯ ತುದಿಯಲ್ಲಿ ಒಂದು ನಾಯಿ ನನ್ನ ಕ್ಲಚ್ಚನ್ನು ಕಚ್ಚಿ ಎಳೆದುಕೊಂಡು ಹೋಗುತ್ತಿತ್ತು. ಓಡಿಹೋಗಿ ಇನ್ನೊಂದು ತುದಿ ಹಿಡಿದೆ. ನಾನು ಎಳೆದೆ, ಅದು ಎಳೆಯಿತು. ಎಣ್ಣೆ ಜಾರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ, ತನ್ನ ಗದ್ದೆಯ ತಕರಾರನ್ನು ನನಗೆ ಒಪ್ಪಿಸಬೇಕೆಂದು ಬರುತ್ತಿದ್ದ ಒಬ್ಬ ರೈತ ಬೀದಿಯ ತಿರುವಿನಲ್ಲಿ ನಿಂತ. ವಕೀಲರೂ ನಾಯಿಯೂ ಒಂದು ಚರ್ಮಕ್ಕಾಗಿ ಕಚ್ಚಾಡುವುದನ್ನು ಕಣ್ಣಾರೆ ಕಂಡ. ಬಂದ ದಾರಿಯಲ್ಲೇ ಹಿಂದಿರುಗಿದ. ಅವನನ್ನು ಆಮೇಲೆ ಇನ್ನೊಬ್ಬ ವಕೀಲರ ಜಗುಲಿಯಲ್ಲಿ ನೋಡಿದೆ ಎಂದರೆ ತಪ್ಪಾಗುತ್ತದೆ. ಅವನೇ ನನ್ನನ್ನು ನೋಡಿ ಮುಖ ತಿರುಗಿಸಿದ.

ನಾಯಿ ಒಂದು ಗೇಣಿನಷ್ಟು ತಿಂದುಹಾಕಿತ್ತು. ಆ ಜಾಗಕ್ಕೆ ನನ್ನ ಕೋರ್ಟಿನ ಬೂಟಿನಿಂದ ಚರ್ಮ ಕತ್ತರಿಸಿ ಸೇರಿಸಿದೆವು. ಮುಕ್ಕಾಲು ಅಕ್ಕಿ ಗಿರಣಿ, ಕಾಲು ವಕೀಲಿ ವೃತ್ತಿ! ತಾಮ್ರದ ರಿವೆಟ್ಟು ಹೊಡೆದು, ನಾಯಿಯ ಬಾಯಿಗೆ ಹೋಗಿಬಂದದ್ದಲ್ಲವೇ ಎಂದು ಉಳಿದ ಎಣ್ಣೆಯನ್ನೂ ಧಾರಾಳವಾಗಿ ಹಚ್ಚಿದೆವು.

ಸ್ಪ್ರಿಂಗನ್ನು ವಾಪಸು ಅದುಮುವುದು ಇನ್ನೊಂದು ಪಾಡು. ಮೇಲೊಂದು ಹಲಗೆ ಇಟ್ಟು ಗೌಡರು ಕೂತರು. ಸಾಲಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ವಿನಯದಿಂದ ಬೇಡಿಕೊಂಡೆ. ಜಯಮ್ಮ ಬಂದು ಹಲಗೆಯ ಇನ್ನೊಂದು ತುದಿಯಲ್ಲಿ ಕೂತಳು. ಮದುವೆಯಾದಾಗಿನಿಂದ ನನ್ನ ಯಾವ ಕೆಲಸಕ್ಕೂ ಅವಳು ಅಷ್ಟು ಭಾರವಾದ ಬೆಂಬಲ ಕೊಟ್ಟಿರಲಿಲ್ಲ. ನಟ್ಟು ಬಿಗಿಯಿತು. ಎಲ್ಲವೂ ಕೂತಿತು. ನಾನು ಕೊಟ್ಟಿಗೆಯಿಂದ ಹೊರಗೆ ಬಂದು ಎರಡೂ ಕೈ ಸೊಂಟದ ಮೇಲಿಟ್ಟು ನಿಂತೆ. ಗೌಡರು, "ಮೈಸೂರ್ನೋರೂ ಇಂಗ್ ಮಾಡಕಿಲ್ಲ" ಎಂದರು. ಅದು ಅಕ್ಷರಶಃ ನಿಜ.

ಓಡಿಸಿ ಪರೀಕ್ಷೆ ಮಾಡಲಿಲ್ಲ. ಇದ್ದ ಪೆಟ್ರೋಲು ಮಳವಳ್ಳಿಗೆ ಹೋಗುವಷ್ಟೇ ಇತ್ತು.

ಹುಡುಗಿ ನೋಡುವ ದಿನ ಬಂತು. ಜಯಮ್ಮ ರೇಷ್ಮೆ ಸೀರೆ ಉಟ್ಟು ಹೂ ಮುಡಿದು ನಿಂತಿದ್ದಳು. ಹ್ಯಾಂಡಲು ತಿರುಗಿಸಿದೆ, ಇಂಜಿನ್ನು ಶುರುವಾಯಿತು. ಪೆಡಲು ತುಳಿದು ಗೇರು ಹಾಕಿದೆ. ಕಟಕಟಕಟ! ಹಲ್ಲು ಕಡಿಯಿತೇ ಹೊರತು ಗೇರು ಬೀಳಲಿಲ್ಲ. ದಪ್ಪ ಚರ್ಮ ಎಣ್ಣೆ ಕುಡಿದು ಉಬ್ಬಿ ಚಕ್ರಕ್ಕೆ ಅಂಟಿಕೊಂಡಿತ್ತು, ಕ್ಲಚ್ಚು ಬಿಟ್ಟುಕೊಳ್ಳುತ್ತಲೇ ಇಲ್ಲ! ಪೆಡಲಿನ ಮೇಲೆ ಎದ್ದು ನಿಂತೆ. ಊಹ್ಞೂಂ.

"ತಳ್ಳದು, ಓಡ್ವಾಗ ಆಕದು!" ಎಂದರು ಗೌಡರು. ಬೀದಿಯವರೆಲ್ಲ ಸೇರಿ ತಳ್ಳಿದರು. ಗೇರು ಬಿತ್ತು. ಕಾರು ಕುದುರೆಯಂತೆ ಚಿಮ್ಮಿತು. ತಳ್ಳುತ್ತಿದ್ದವರೆಲ್ಲ ರಸ್ತೆಯ ಮೇಲೆ ಸಾಲಾಗಿ ಬೋರಲು ಬಿದ್ದರು.

"ಜಯಮ್ಮೋರು ಅತ್ಲಿಲ್ಲಾ!" ಎಂದು ಗೌಡರು ಬಿದ್ದಲ್ಲಿಂದಲೇ ಕೂಗಿದರು. ಜಯಮ್ಮ ಸೀರೆ ಎತ್ತಿ ಹಿಡಿದು ಓಡಿಬಂದು ಮೆಟ್ಟಿಲಿಗೆ ಕಾಲಿಟ್ಟು ಹಾರಿ ಕೂತಳು. ಏದುಸಿರು ಇಳಿದ ಮೇಲೆ ಕೇಳಿದಳು:

"ನಿಲ್ಸಕಾಯ್ತದಾ ಇದು?"

"ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಮತ್ತೆ ಹೊರಡಲ್ಲ."

"ಕಚ್ತದೆ ಕಚ್ತದೆ ಅಂತಿದ್ರಲ್ಲ, ಕಚ್ಕಂತು. ಈಗ ಬುಡ್ಸಿ!"

ಇನ್ನೊಂದು ಗೇರಿಗೆ ಬದಲಿಸುವಂತಿಲ್ಲ. ಬಿದ್ದ ಗೇರಿನಲ್ಲೇ, ಆಮೆಗಿಂತ ಸ್ವಲ್ಪ ಜೋರಾಗಿ ಮದ್ದೂರಿನ ದಾರಿ ಹಿಡಿದೆವು. ಸೈಕಲ್ಲಿನವನೊಬ್ಬ ಬಹಳ ದೂರ ನಮ್ಮ ಪಕ್ಕದಲ್ಲೇ ಬಂದು, ಭತ್ತದ ಬೆಳೆಯ ವಿಚಾರ ಮಾತಾಡಿ, ಕೊನೆಗೆ "ನಂಗೆ ವಸಿ ಅರ್ಜೆಂಟು" ಎಂದು ಮುಂದೆ ಹೋಗಿಬಿಟ್ಟ.

ಮದ್ದೂರು ಸ್ಟೇಷನ್ನು ಮುಟ್ಟಿದರೆ ರೈಲು ಇನ್ನೂ ಬಂದಿರಲಿಲ್ಲ! ನಿಲ್ಲುವಂತಿಲ್ಲ. ಸ್ಟೇಷನ್ನಿನ ಮುಂದೆ ಒಂದು ದೊಡ್ಡ ಅರಳಿ ಮರ. ಬೇರೆ ದಾರಿ ಕಾಣದೆ ಅದನ್ನು ಸುತ್ತಲು ಶುರುಮಾಡಿದೆ. ಎರಡನೆಯ ಸುತ್ತಿಗೆ ಜಯಮ್ಮ, "ನಂಗೆ ತಲೆ ಸುತ್ತದೆ" ಎಂದು ಮೆಲ್ಲಗೆ ಇಳಿದು ಮರದ ಕಟ್ಟೆಯ ಮೇಲೆ ಕೂತಳು. ಅಲ್ಲಿಂದ ಮುಂದೆ ನಮ್ಮ ದಾಂಪತ್ಯ ಸುತ್ತಿಗೊಂದು ಮಾತಿನಂತೆ ನಡೆಯಿತು.

"ರೈಲು ಯಾವಾಗಂತೆ ಕೇಳು!" ಎಂದು ಹೇಳಿ ಸುತ್ತಿ ಬಂದೆ.

"ಲೇಟಂತೆ!" ಇನ್ನೊಂದು ಸುತ್ತು.

"ಎಷ್ಟು ಲೇಟು?" ಇನ್ನೊಂದು.

"ನಂಗೇನ್ ಗೊತ್ತು, ನಾನೇನ್ ಸ್ಟೇಷನ್ ಮಾಸ್ಟ್ರಾ?"

ನಾನು ಮತ್ತೊಂದು ಸುತ್ತು ಹೋದೆ. ಜಟಕಾ ಕುದುರೆಗಳು ಬೆದರಿ ದೂರ ಹೋದವು. ವಡೆ ಮಾರುವವನು ತಟ್ಟೆ ಇಳಿಸಿ ನೋಡುತ್ತಾ ನಿಂತ. ಒಬ್ಬ ಮುದುಕಿ ಕೈಮುಗಿದು, "ಏನ್ ಅರಕೆ ಒತ್ತಿದ್ದೀಯಪ್ಪಾ?" ಎಂದು ಕೇಳಿದಳು. ನನಗೆ ಬಂದ ಸಿಟ್ಟಿಗೆ ಅರಳಿ ಮರವನ್ನೇ ಕಿತ್ತುಹಾಕಬೇಕೆನ್ನಿಸಿತು.

ಕೊನೆಗೆ ರೈಲು ಬಂತು. ಹುಡುಗ, ಅವನ ತಂದೆ ಪುಟ್ಟೇಗೌಡರು, ಅವನ ತಾಯಿ ಮೂವರೂ ಹೊರಗೆ ಬಂದು ನಿಂತರು. ಪುಟ್ಟೇಗೌಡರು ಜರಿ ಪೇಟ, ಕೋಟು ತೊಟ್ಟ ಗಂಭೀರ ಮನುಷ್ಯರು.

"ನಮಸ್ಕಾರ! ನಾನು ಹುಡುಗಿಯ—" ಎಂದೆ. ಕಾರು ಮರದ ಹಿಂದಕ್ಕೆ ಹೋಯಿತು.

"—ಭಾವ! ನಿಮ್ಮನ್ನು ಕರೆದುಕೊಂಡು ಹೋಗಲು—"

ಅವರು ಕೈಮುಗಿದುಕೊಂಡೇ ನಾನು ಬರುವುದನ್ನು ಕಾದರು.

"—ಬಂದಿದ್ದೇನೆ! ದಯಮಾಡಿ ಹತ್ತಿ!"

"ನಿಲ್ಸಿದ್ರೆ ಅತ್ತದಲ್ವರಾ?" ಎಂದರು ಪುಟ್ಟೇಗೌಡರು.

ಅದನ್ನು ವಿವರಿಸಲು ಬಹಳ ಸುತ್ತುಗಳು ಬೇಕಾಗುತ್ತಿದ್ದವು. ಹುಡುಗ ಚುರುಕಿನವನು, ಓಡಿಬಂದು ಹಾರಿ ಒಳಗೆ ಕೂತ. ಮುಂದಿನ ಸುತ್ತಿನಲ್ಲಿ ಪುಟ್ಟೇಗೌಡರು ಪಂಚೆ ಮೇಲಕ್ಕೆ ಕಟ್ಟಿ, ಒಂದು ಕೈಯಲ್ಲಿ ಪೇಟ ಹಿಡಿದು ಓಡಿದರು. ಮಗ ಕೈಕೊಟ್ಟು ಎಳೆದುಕೊಂಡ. ತಾಯಿ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟರು: "ನಾನ್ ಎಣ್ ನೋಡಕ್ ಬಂದಿರದು. ಓಟ ಕಟ್ಟಕ್ಕಲ್ಲ." ಜಯಮ್ಮ ಓಡಿಹೋಗಿ ಅವರ ಕೈಹಿಡಿದಳು. "ಬನ್ನಿ ಅಮ್ಮ, ಬಸ್ಸೈತೆ. ನಾನೂ ನಿಮ್ ಜೊತೇಲೇ ಬತ್ತೀನಿ" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇದ್ದಿಲ ಹೊಗೆಯಿಂದ ಓಡುವ ಯುದ್ಧಕಾಲದ ಬಸ್ಸು. ದಮ್ಮು ಹಿಡಿದ ಮುದುಕನಂತೆ ಕೆಮ್ಮುತ್ತಾ ಬಂದು, ಅರ್ಧ ದಾರಿಯಲ್ಲಿ ನಮ್ಮನ್ನು ದಾಟಿತು. ಕಿಟಕಿಯಲ್ಲಿ ಜಯಮ್ಮ ಕಂಡಳು. ನಾನು ಹಾರನ್ನು ಹಿಂಡಿದೆ. ಅವಳು ಇನ್ನೊಂದು ಕಡೆ ನೋಡಿದಳು.

ಮಳವಳ್ಳಿ ಬಂತು. ರೇಡಿಯೇಟರು ಕುದಿದು ಹಬೆ ಹಾರಿಸುತ್ತಿತ್ತು. ಮಾವನವರು ಮನೆಯ ಮುಂದೆ ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ಜಯಮ್ಮ, ಹುಡುಗನ ತಾಯಿ. ನನಗೆ ಆನಂದವೋ ಆನಂದ! "ಬಂದ್ವಿ ಮಾವ!" ಎಂದು ಕೂಗಿ, ಹಾಗೇ ಮುಂದೆ ಹೋದೆ. ಮಾವನವರ ಮುಗಿದ ಕೈ ಮುಗಿದ ಹಾಗೇ ಉಳಿಯಿತು.

"ಮನೆ ದಾಟೋಯ್ತಲ್ಲ ಸ್ವಾಮಿ?" ಎಂದರು ಪುಟ್ಟೇಗೌಡರು.

"ಊರು ತೋರಿಸೋಣ ಅಂತ" ಎಂದೆ. "ಅಗೋ, ಅದು ಕೆರೆ."

ಕೆರೆಯ ಪಕ್ಕದ ಬೀದಿ ಹಿಡಿದು ತಿರುಗಿ ಮತ್ತೆ ಮನೆಯ ಮುಂದೆ ಬಂದೆ. "ಇದು ನಮ್ಮ ಮಾವನವರ ಮನೆ" ಎಂದು ತೋರಿಸಿ ಮುಂದೆ ಹೋದೆ. ಮತ್ತೆ ಕೆರೆ ಬಂತು.

"ಈ ಕೆರೆ ಆಗ್ಲೇ ನೋಡುದ್ವಲ್ಲ" ಎಂದರು ಪುಟ್ಟೇಗೌಡರು. ಅವರ ದನಿ ಬದಲಾಗಿತ್ತು. ಸುಶೀಲೆಯ ಸಂಬಂಧ ಕೆರೆಯ ನೀರಿನಲ್ಲಿ ಮುಳುಗುತ್ತಿರುವುದು ನನ್ನ ಕಣ್ಣಿಗೆ ಕಂಡಿತು. ಇನ್ನೊಂದು ಸಲ ಮುರಿದರೆ ಮಾವನವರು ತಡೆದುಕೊಳ್ಳಲಾರರು. ಅದಕ್ಕೆ ಕಾರಣ ನಾನಾಗುತ್ತಿದ್ದೆ.

ಮತ್ತೆ ಮನೆಯ ಮುಂದೆ ಬಂದಾಗ, ಕರೆಯುವವರೆಗೂ ಒಳಗೆ ತಲೆತಗ್ಗಿಸಿ ಕೂತಿರಬೇಕಾಗಿದ್ದ ಸುಶೀಲೆ ಬೀದಿಗೇ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಪಕ್ಕದಲ್ಲೇ ಓಡತೊಡಗಿದಳು.

"ಭಾವಾ! ಇಂಜಿನ್ ಆರ್ಸಿ!"

"ಆರಿಸಿದರೆ ಮತ್ತೆ ಹೊರಡಲ್ಲಮ್ಮಾ!"

"ಮತ್ಯಾಕ್ ಒರಡ್ಬೇಕು? ಬಂದಾಯ್ತಲ್ಲ!"

ಮಂಡ್ಯದಿಂದ ಹೊರಟಾಗಿನಿಂದ ನಿಲ್ಲಿಸಬಾರದು, ನಿಲ್ಲಿಸಬಾರದು ಎಂದುಕೊಂಡವನಿಗೆ, ಮುಟ್ಟಿದ ಮೇಲೆ ನಿಲ್ಲಿಸಬಹುದೆಂಬ ವಿಚಾರ ತಲೆಗೆ ಬಂದೇ ಇರಲಿಲ್ಲ! ಸ್ವಿಚ್ಚು ತಿರುಗಿಸಿದೆ. ಕಾರು ಒಂದು ಸಲ ಮುಗ್ಗರಿಸಿ ನಿಂತಿತು. ರೇಡಿಯೇಟರು ಮಾತ್ರ ಉಸ್ಸೆನ್ನುತ್ತಿತ್ತು.

ಹುಡುಗ ಹಿಂದಿನಿಂದ ಮೆಲ್ಲಗೆ ಹೇಳಿದ: "ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್. ಊರು ತೋರಿಸ್ತಿದ್ದೀನಿ ಅಂದ್ರಲ್ಲ, ಅದಕ್ಕೇ ಸುಮ್ಮನಾದೆ."

ತಾನು ನಡುಬೀದಿಯಲ್ಲಿ ನಿಂತಿರುವುದು ಆಗಷ್ಟೇ ಅರಿವಾಗಿ ಸುಶೀಲೆ ಸೆರಗೆಳೆದುಕೊಂಡು ಒಳಗೆ ಓಡಿದಳು. ಅವಳು ಓಡಿದ ಬಾಗಿಲನ್ನೇ ಹುಡುಗ ನೋಡುತ್ತಾ ಕೂತ. ಮಾವನವರ ಮುಖ ಬಿಳಿಚಿಹೋಗಿತ್ತು. ಹುಡುಗಿ ಬೀದಿಯಲ್ಲಿ ಓಡಿದ್ದನ್ನು ಬಂದವರು ಕಂಡುಬಿಟ್ಟರು! ಪುಟ್ಟೇಗೌಡರು ಕೆಳಗಿಳಿದು, ಪಂಚೆ ಸರಿಮಾಡಿಕೊಂಡು, ಪೇಟ ಇಟ್ಟುಕೊಂಡು, ಹೆಂಡತಿಯ ಮುಖ ನೋಡಿದರು.

"ನಾನ್ ನೋಡಾಯ್ತು. ಇಷ್ಟ್ ಜನದಾಗೆ ತಲೆ ಓಡಿದ್ದು ಒಬ್ಳಿಗೇಯ. ನಂಗೆ ಅವಳೇ ಬೇಕು" ಎಂದರು ಆಕೆ.

ಪುಟ್ಟೇಗೌಡರು ಮಾವನವರ ಕೈಹಿಡಿದರು. ಮಾವನವರ ಕಣ್ಣು ತುಂಬಿಬಂತು. ನನಗೂ ತುಂಬಿತು. ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡು, "ಒಟ್ಟಿನಲ್ಲಿ ಈ ಕಾರಿನಿಂದಲೇ—" ಎಂದು ಶುರುಮಾಡಿದೆ. ಎಲ್ಲರೂ ಒಳಗೆ ಹೋಗಿಯಾಗಿತ್ತು.

ಊಟವಾದ ಮೇಲೆ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಹೇಳಿದರು: "ಅಳಿಯಂದ್ರೇ, ಮೋಟ್ರು ಇಲ್ಲೇ ಇರ್ಲಿ. ಕೋಳಿ ಮಲಗಕ್ಕೆ ಜಾಗ ಸಾಲ್ತಿರ್ನಿಲ್ಲ."

ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದೆವು. ಜಯಮ್ಮ ಮುಂದೆ, ಹೆಂಗಸರ ಸೀಟಿನಲ್ಲಿ. ನನ್ನ ಕೋಟಿನ ತುಂಬ ಕರಿ, ಮೈತುಂಬ ಹರಳೆಣ್ಣೆಯ ವಾಸನೆ. ಪಕ್ಕದಲ್ಲಿ ಕೂರಲು ಯಾರೂ ಒಪ್ಪದೆ ಕಂಡಕ್ಟರು ನನ್ನನ್ನು ಕಟ್ಟಕಡೆಯ ಸೀಟಿಗೆ ಕಳಿಸಿದ್ದ. ಸ್ವಲ್ಪ ದೂರ ಹೋದ ಮೇಲೆ ಜಯಮ್ಮನ ಪಕ್ಕದ ಹೆಂಗಸು ಹಿಂತಿರುಗಿ ನನ್ನನ್ನು ನೋಡಿ ಕೇಳಿದಳು:

"ಆವಾಗ್ಲಿಂದ ನಿಮ್ಮನ್ನೇ ನೋಡ್ತಾವ್ರಲ್ಲ, ಅವ್ರು ನಿಮ್ಮೋರಾ ಅಕ್ಕ?"

ಜಯಮ್ಮ ತಿರುಗಿದಳು. ಅಡಿಯಿಂದ ಮುಡಿಯವರೆಗೆ ನನ್ನನ್ನು ನಿಧಾನವಾಗಿ ನೋಡಿದಳು.

"ಇಲ್ಲ ಕಣಮ್ಮ. ಯಾರೋ ಪಾಪ, ಮಳವಳ್ಳೀಲಿ ಬಸ್ ಅತ್ಕಂಡ್ರು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಯಾರೋ ಆಗಿಯೇ ಮಂಡ್ಯದವರೆಗೂ ಕೂತಿದ್ದೆ.